ಸ್ಪೀಡ್ ಬಾರ್ ‘ಸೆಟ್ ಮಾಡಿದೀನಿ’ ಅಂದ್ರೆ ಹಾಗೇ ನಂಬಬೇಡಿ

ಸೆಕೆಂಡ್ ಹ್ಯಾಂಡ್ ಪ್ಯಾರಾಗ್ಲೈಡಿಂಗ್ ಹಾರ್ನೆಸ್ (ಹಾರುವಾಗ ಕೂರೋ ಸೀಟು, ಪಟ್ಟಿ) ತಗೊಳ್ಳೋರು, ಬೇರೆಯವರ ಕೈಲಿ ಸ್ಪೀಡ್ ಬಾರ್ (ವೇಗ ಹೆಚ್ಚಿಸೋಕೆ ಕಾಲಲ್ಲಿ ಒತ್ತೋ ಅಡ್ಡಪಟ್ಟಿ) ಕಟ್ಟಿಸಿಕೊಂಡೋರು ದಯವಿಟ್ಟು ಪೂರ್ತಿ ಓದಿ.

ನನಗೆ ಹಾರ್ನೆಸ್ ಮಾರಿದವರು ಹಾರೋದು ಕಲಿಸೋರೂ ಹೌದು. ಹೆಸರು ಬೇಡ. ನನ್ನ ವಿಂಗಿಗೆ (ತಲೆ ಮೇಲಿನ ಬಟ್ಟೆಯ ರೆಕ್ಕೆ) ಬಾರ್ ಜೋಡಿಸಿ, ಹಗ್ಗದ ಉದ್ದ ಅವರೇ ಹೊಂದಿಸಿ ಕೊಟ್ಟರು. ‘ಎಲ್ಲಾ ಸೆಟ್ ಮಾಡಿದೀನಿ ಸರ್, ನೀವು ಹಾರೋದಷ್ಟೇ ಬಾಕಿ’ ಅಂದ್ರು. ನೆಲದ ಮೇಲೆ ನಿಂತು ನೋಡಿದಾಗ ಎರಡೂ ಕಡೆ ಹಗ್ಗ ಸಡಿಲವಾಗೇ ಇತ್ತು.

ಚಿಂತಾಮಣಿ ಕಡೆಯ ಒಂದು ಗುಡ್ಡದಿಂದ ಹಾರಿದೆ. ಬೇಸಿಗೆ ಶುರು, ಬಂಡೆಗಳು ಕಾಯ್ತಿದ್ದ ಹೊತ್ತು. ಕಾಲು ಬಾರ್ ಮೇಲೆ ಇಟ್ಟೇ ಇಲ್ಲ, ಆದರೂ ಗಾಳಿ ಹೆಚ್ಚುಕಮ್ಮಿ ನಿಂತಿದ್ದಾಗ ಜಿಪಿಎಸ್ ಗಂಟೆಗೆ 44 ಕಿ.ಮೀ. ತೋರಿಸ್ತಿದೆ. ನನ್ನದು ಬಿ ದರ್ಜೆಯ (ಹೊಸಬರ ಎ ದರ್ಜೆಗಿಂತ ಒಂದು ಮೆಟ್ಟಿಲು ಮೇಲಿನ) ವಿಂಗ್, ಬಾರ್ ಒತ್ತದೆ 38ರ ಆಸುಪಾಸು ಹೋಗಬೇಕಾದ್ದು. ಇಳಿಯೋ ವೇಗವೂ ಜಾಸ್ತಿ. ಯಾಕೆ ಅಂತ ಯೋಚಿಸೋಷ್ಟರಲ್ಲಿ ಥರ್ಮಲ್ (ಬಿಸಿಯಾಗಿ ಮೇಲೇಳೋ ಗಾಳಿ) ಅಂಚು ಸಿಕ್ಕಿತು. ತಲೆ ಮೇಲೆ ಬಟ್ಟೆ ಪಟಪಟ ಅಂತು, ಕೈಯಲ್ಲಿದ್ದ ಬ್ರೇಕ್ (ತಿರುಗಿಸೋಕೆ, ನಿಧಾನ ಮಾಡೋಕೆ ಎಳೆಯೋ ಹಗ್ಗ) ಜೀವ ಹೋದಂಗೆ ಹಗುರಾಯ್ತು. ವಿಂಗಿನ ಮುಂದಿನ ಅಂಚು ಪೂರ್ತಿ ಒಳಗೆ ಮಡಚಿತ್ತು. ಎತ್ತರ ಇದ್ದಿದ್ದಕ್ಕೆ ತಾನೇ ಬಿಚ್ಚಿಕೊಂಡಿತು. ಸ್ವಲ್ಪ ಹೊತ್ತಿಗೆ ಮತ್ತೆ ಅದೇ. ಕೆಳಗೆ ದ್ರಾಕ್ಷಿ ತೋಟ. ಕಲ್ಲುಕಂಬ, ತಂತಿ. ಅದನ್ನ ದಾಟಿ ಕಟಾವಾಗಿದ್ದ ರಾಗಿ ಹೊಲದಲ್ಲಿ ಇಳಿದೆ. ಓಡಿಬಂದ ಹೊಲದ ಯಜಮಾನರು, ‘ಆ ಚಪ್ಪರದ ಮೇಲೆ ಬಿದ್ದಿದ್ರೆ ಏನ್ ಗತಿ ಸಾಮಿ?’ ಅಂದ್ರು.

ಸಂಜೆ ಹುಣಸೆ ಕೊಂಬೆಗೆ ರೈಸರ್ (ವಿಂಗಿನ ದಾರಗಳನ್ನ ಹಾರ್ನೆಸಿಗೆ ಸೇರಿಸೋ ಪಟ್ಟಿ) ಸಮೇತ ಹಾರ್ನೆಸ್ ನೇತುಹಾಕಿ ಕೂತೆ. ಬಾರ್ ಬಂದು ಸೀಟಿನ ಮುಂದಿನ ರಾಟೆಗೆ ತಗುಲಿ ನಿಂತಿದೆ, ಹಗ್ಗ ಬಿಗಿದಿದೆ, ಎ-ರೈಸರ್ (ಎಲ್ಲಕ್ಕಿಂತ ಮುಂದಿನ ಪಟ್ಟಿ) ಎರಡೂ ನಾಲ್ಕು ಬೆರಳು ಕೆಳಗೆ ಎಳೆದುಕೊಂಡಿವೆ. ಅಂದ್ರೆ ನೆಲ ಬಿಟ್ಟ ಗಳಿಗೆಯಿಂದ ನಾನು ಅರ್ಧ ಬಾರ್ ಒತ್ತಿಕೊಂಡೇ ಹಾರ್ತಿದ್ದೆ. ನಿಂತಿದ್ದಾಗ ರೈಸರ್ ಜೋತುಬಿದ್ದಿರುತ್ತೆ, ಹಗ್ಗ ಸಡಿಲ ಕಾಣುತ್ತೆ. ಕೂತು ಭಾರ ಬಿದ್ದ ಮೇಲೇ ನಿಜ ಉದ್ದ ಗೊತ್ತಾಗೋದು.

ಬಾರ್ ಒತ್ತಿದಾಗ ಎ-ರೈಸರ್ ತಗ್ಗಿ ವಿಂಗಿನ ಮೂಗು ಕೆಳಗಾಗುತ್ತೆ. ವೇಗ ಬರುತ್ತೆ, ಆದರೆ ಮುಂದಿನ ಅಂಚು ಮಡಚೋ ಅಪಾಯ ಹೆಚ್ಚು, ಮಡಚಿದರೆ ಹೊಡೆತವೂ ಜೋರು. ಆಗ ಮಾಡಬೇಕಾದ ಮೊದಲ ಕೆಲಸ ತಟ್ಟನೆ ಬಾರ್ ಬಿಡೋದು. ನನ್ನ ಕಾಲಡಿ ಬಿಡೋಕೆ ಏನಿತ್ತು?

ಮಾರಿದವರಿಗೆ ಫೋನ್ ಮಾಡಿ ಕೇಳಿದ್ದಕ್ಕೆ, ‘ಉದ್ದ ಬಿಟ್ರೆ ಓಡುವಾಗ ಕಾಲಿಗೆ ಸಿಕ್ಕುತ್ತೆ, ಅದಕ್ಕೇ ಗಿಡ್ಡ ಮಾಡಿದ್ದು, ಏನೂ ಆಗಲ್ಲ ಬಿಡಿ’ ಅಂತ ಉತ್ತರ. ಕಾಲಿಗೆ ಸಿಕ್ಕದ ಹಾಗೆ ಬಾರನ್ನ ಸೀಟಿನ ಹತ್ತಿರ ಎತ್ತಿ ಹಿಡಿಯೋಕೆ ಎಲಾಸ್ಟಿಕ್ ಇದೆಯಲ್ಲಪ್ಪ!

ಉದ್ದ ಸರಿ ಮಾಡೋದು ಕಷ್ಟವೇನಲ್ಲ. ನೇತುಹಾಕಿಕೊಂಡು, ಹಾರುವಾಗ ಕೂರೋ ಹಾಗೇ ಕೂರಿ. ಕಾಲು ತೆಗೆದಾಗ ಹಗ್ಗದಲ್ಲಿ ಸ್ವಲ್ಪ ಸಡಿಲ ಇರಬೇಕು, ಎಲ್ಲಾ ರೈಸರ್ ತಮ್ಮ ಜಾಗದಲ್ಲಿರಬೇಕು. ಕಾಲು ಪೂರ್ತಿ ಚಾಚಿದಾಗ ರೈಸರಿನ ಎರಡು ರಾಟೆ ಒಂದಕ್ಕೊಂದು ಮುಟ್ಟಬೇಕು. ಅದಕ್ಕಿಂತ ಉದ್ದವಾದರೆ ಬೇಕಾದಾಗ ಪೂರ್ತಿ ವೇಗ ಸಿಗಲ್ಲ. ಎಡಬಲ ಸಮ ಇರಲಿ. ರಿಸರ್ವ್ (ತುರ್ತಿಗೆ ಇಟ್ಟ ಪ್ಯಾರಾಚೂಟ್) ಸೀಟಿನಡಿ ಇದ್ದರೆ ಹಗ್ಗ ಅದರ ಬಾಯಿಗೆ ಅಡ್ಡ ಹೋಗಬಾರದು. ಬ್ರಮ್ಮೆಲ್ ಹುಕ್ (ಬಾರಿನ ಹಗ್ಗವನ್ನ ರೈಸರಿಗೆ ಸೇರಿಸೋ ಕೊಂಡಿ) ಹಗ್ಗ ಸಡಿಲಾದಾಗ ಕಳಚಿಕೊಳ್ಳೋದುಂಟು, ಪ್ರತಿ ಹಾರಾಟಕ್ಕೆ ಮುಂಚೆ ಕೈ ಹಾಕಿ ನೋಡಿ.

ಬಳಸುವಾಗ ಒಂದೇ ಸಲ ಒದೀಬೇಡಿ, ನಿಧಾನಕ್ಕೆ ಒತ್ತಿ. ಒತ್ತಿರುವಾಗ ಬ್ರೇಕ್ ಎಳೀಬೇಡಿ. ದಿಕ್ಕು ತಿದ್ದೋಕೆ ಹಿಂದಿನ ರೈಸರ್ ಇದೆ. ಗಾಳಿ ಕುಲುಕಿತು ಅಂದ್ರೆ ಮೊದಲು ಕಾಲು ಸಡಿಲಿಸಿ. ನೆಲದ ಹತ್ತಿರ ಬೇಡವೇ ಬೇಡ. ಗುಡ್ಡದ ನೆತ್ತಿಯಲ್ಲಿ ಗಾಳಿ ಜೋರು, ಹಾಗಾಗಿ ಹಿಂದಕ್ಕೆ ತಳ್ಳೋವರೆಗೂ ಕಾಯದೆ ಮೊದಲೇ ಮುಂದೆ ಬಂದುಬಿಡಿ.

ಅದೇ ಕೈ ಕಟ್ಟಿಕೊಟ್ಟ ಹಾರ್ನೆಸ್ ಕೋಲಾರ, ಚಿಕ್ಕಬಳ್ಳಾಪುರ ಕಡೆ ಇನ್ನೂ ಕೆಲವರ ಹತ್ತಿರ ಇವೆ. ನಿಮ್ಮ ಬಾರಿನ ತುದಿ ನೋಡಿ. ಗಂಟಿನಾಚೆ ಗೇಣುದ್ದ ಹಗ್ಗ ಉಳಿದು ಕೊಳವೆಯೊಳಗೆ ತುರುಕಿದ್ದರೆ, ನಿಮ್ಮದನ್ನೂ ಗಿಡ್ಡ ಮಾಡಿರಬಹುದು, ನೇತುಹಾಕಿ ಕೂತು ನೋಡಿ.