ಡ್ರಮ್ ಸೆಟ್: ಅಗ್ಗದ್ದಾ, ದುಬಾರಿಯದ್ದಾ?

ಕಲಿಯುವ ಮಗನಿಗೆ ಯಾವ ಸೆಟ್ ಕೊಡಿಸಲಿ ಅಂತ ಕೇಳಿದ್ದೀರಿ. ಡ್ರಮ್‌ಗಳಲ್ಲಿ ವ್ಯತ್ಯಾಸ ನೀವು ಅಂದುಕೊಂಡಷ್ಟಿಲ್ಲ. ಅಗ್ಗದ್ದರ ಮೈ ಸಾಮಾನ್ಯವಾಗಿ ಪಾಪ್ಲರ್ ಮರದ್ದು, ದುಬಾರಿಯದ್ದು ಮೇಪಲ್ ಅಥವಾ ಬರ್ಚ್. ಹೊಸ ಹೆಡ್ (ಕೋಲಿನಿಂದ ಬಡಿಯುವ ಪೊರೆ) ಹಾಕಿ ಸರಿಯಾಗಿ ಶ್ರುತಿ ಮಾಡಿದರೆ ಅಗ್ಗದ್ದೂ ಚೆನ್ನಾಗಿಯೇ ನುಡಿಯುತ್ತದೆ.

ಸಿಂಬಲ್, ಅಂದರೆ ಸೆಟ್‌ನ ಲೋಹದ ತಟ್ಟೆಗಳು, ಮಾತ್ರ ಹಾಗಲ್ಲ. ಅಗ್ಗದ ಸೆಟ್ ಜೊತೆ ಬರುವುದು ಹೆಚ್ಚಾಗಿ ಹಿತ್ತಾಳೆ. ಊಟದ ತಟ್ಟೆ ಬಡಿದ ಹಾಗೆ ಕೇಳುತ್ತದೆ. ದುಬಾರಿಯದ್ದು ಕಂಚು: ಹೆಚ್ಚಾಗಿ 80 ಪಾಲು ತಾಮ್ರ, 20 ಪಾಲು ತವರ. ಇಲ್ಲಿ ಶ್ರುತಿ ಮಾಡಿ ಸರಿಪಡಿಸುವ ದಾರಿಯೇ ಇಲ್ಲ.

ವಾರವಾರ ಬಿಚ್ಚಿ, ಹೊತ್ತು, ವೇದಿಕೆಯಲ್ಲಿ ಜೋಡಿಸುವವರಿಗೆ ದುಬಾರಿಯದ್ದರ ಗಟ್ಟಿ ಸ್ಟ್ಯಾಂಡ್ ಬೇಕೇ ಬೇಕು. ಮನೆಯ ಮೂಲೆಯಲ್ಲೇ ಇರುವುದಾದರೆ ಅಗ್ಗದ್ದು ಸಾಕು. ಉಳಿದ ದುಡ್ಡಲ್ಲಿ ಕಂಚಿನ ಹೈ-ಹ್ಯಾಟ್ (ಪೆಡಲ್ ತುಳಿದಾಗ ಒಂದಕ್ಕೊಂದು ತಾಗುವ ಎರಡು ಸಿಂಬಲ್) ಜೋಡಿ ತನ್ನಿ. ಅಪಾರ್ಟ್‌ಮೆಂಟಾ? ಹಾಗಾದರೆ ಎರಡೂ ಬೇಡ. ಎಲೆಕ್ಟ್ರಾನಿಕ್ ಸೆಟ್ ನೋಡಿ, ಪಕ್ಕದ ಮನೆಯವರು ಬದುಕಿಕೊಳ್ಳಲಿ!