ಹಗ್ಗವೋ, ಚೈನೋ, ಬೆಲ್ಟೋ: ಕೇಸಿಂಗ್ ಪೈಪ್ ಕಟ್ಟಿ ಕಲಿತದ್ದು

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ರಾಚೆಟ್ ಬೆಲ್ಟಿಗೆ, ಅಂದರೆ ಹಿಡಿ ಆಡಿಸಿದಂತೆ ಹಲ್ಲಿನ ಉರುಳೆಗೆ ಸುತ್ತಿಕೊಂಡು ಬಿಗಿಯಾಗುವ ಪಟ್ಟಿಗೆ. 50 ಮಿ.ಮೀ. ಅಗಲದ್ದು. ಸುಮ್ನೆ ಹೇಳುತ್ತಿಲ್ಲ, ಮೂರನ್ನೂ ಕಟ್ಟಿ ನೋಡಿದ್ದೇನೆ.

ನನ್ನದು ಓಪನ್ ಬಾಡಿ ಲಾರಿ. ಪೀಣ್ಯದಿಂದ ಪಾವಗಡದ ಕಡೆಗೆ ಬೋರ್‌ವೆಲ್ ಕೇಸಿಂಗ್ ಪೈಪ್, ಅಂದರೆ ಬೋರ್ ಕುಸಿಯದಂತೆ ಒಳಗೆ ಇಳಿಸುವ ಕಬ್ಬಿಣದ ಪೈಪ್, ಸಾಗಿಸುತ್ತೇನೆ. ಪೈಪ್ 20 ಅಡಿ. ಬಾಡಿಯಿಂದ ಹೊರಗೆ ಚಾಚಿದರೆ 20,000 ರೂಪಾಯಿ ದಂಡ ಅಂತ 22 ಅಡಿ ಬಾಡಿಯನ್ನೇ ತೆಗೆದುಕೊಂಡೆ. ಉಳಿದ ಆ ಎರಡಡಿಯೇ ನನಗೆ ಮುಳುವಾಯಿತು. ಹಮಾಲರು ಪೈಪನ್ನು ಹಿಂದಿನ ಬಾಗಿಲಿಗೆ ಸಮ ಮಾಡಿ ಇಟ್ಟಿದ್ದರು, ಮುಂದೆ ಖಾಲಿ. ನಾನು ನೈಲಾನ್ ಹಗ್ಗ ಬಿಗಿದು ಹೊರಟೆ. ಮಧುಗಿರಿ ದಾಟಿದ ಮೇಲೆ ಒಂದು ಹಂಪ್. ಬೋರ್ಡಿಲ್ಲ, ಬಣ್ಣವಿಲ್ಲ. ಬ್ರೇಕ್ ಒತ್ತಿದೆ. ಲಾರಿ ನಿಂತಿತು, ಪೈಪ್ ನಿಲ್ಲಲಿಲ್ಲ. ನಡುವಿನ ನಾಲ್ಕು ಪೈಪ್ ಜಾರಿ ಬಂದು ಕ್ಯಾಬಿನ್ ಹಿಂದಿನ ತಗಡಿಗೆ ಗುದ್ದಿದವು. ನನ್ನ ಸೀಟಿನ ಹಿಂದೆ ಅಂಗೈಯಗಲ ತಗಡು ಒಳಕ್ಕೆ ಉಬ್ಬಿದೆ. ಇವತ್ತಿಗೂ ಬಡಿಸಿ ಸರಿ ಮಾಡಿಸಿಲ್ಲ, ಇರಲಿ ಅಂತ.

ಹಗ್ಗದ ತಪ್ಪು ಏನೆಂದರೆ ನೈಲಾನ್ ಹಿಗ್ಗುತ್ತದೆ. ಪೈಪ್ ಒಂದಿಷ್ಟು ಕುಸಿದು ಕೂತರೆ ಸಾಕು, ಬಿಗಿ ಹೋಯಿತು. ಎಷ್ಟು ಬಿಗಿ ಉಳಿದಿದೆ ಅಂತ ಕಣ್ಣಿಗೆ ಕಾಣುವುದೂ ಇಲ್ಲ.

ಆಮೇಲೆ ಚೈನು. ಜೆಸಿಬಿ ಸಾಗಿಸುವವರಿಗೆ ಅದೇ ಸರಿ. ನನ್ನ ಪೈಪಿಗೆ ಕಬ್ಬಿಣದ ಮೇಲೆ ಕಬ್ಬಿಣ, ಜಾರುತ್ತದೆ. ಜೊತೆಗೆ ಆ ಬಿಗಿಯುವ ಲಿವರ್ ಬಿಚ್ಚುವಾಗ ಒದೆಯುತ್ತದೆ. ಒಮ್ಮೆ ನನ್ನ ದವಡೆ ಪಕ್ಕದಲ್ಲೇ ಹಾದುಹೋಯಿತು. ಎರಡೇ ಟ್ರಿಪ್‌ಗೆ ಸಾಕೆನಿಸಿತು, ಪರಿಚಯದವರಿಗೆ ಮಾರಿದೆ.

ಬೆಲ್ಟಿಗೂ ಒಂದು ಕಿರಿಕಿರಿ ಇದೆ, ಅದನ್ನು ಯಾವ ಅಂಗಡಿಯವನೂ ಹೇಳುವುದಿಲ್ಲ. ಪಾವಗಡ ಹತ್ತಿರದ ಒಂದು ತೋಟ, ರಾತ್ರಿ ಹನ್ನೊಂದು. ಬೋರ್ ಗಾಡಿ ನಿಂತು ಕಾಯುತ್ತಿದೆ. ಐದು ಬೆಲ್ಟ್ ಬಿಚ್ಚಿದೆ, ಆರನೆಯದು ಬರಲೇ ಇಲ್ಲ. ಹಿಡಿ ಮೇಲೇಳುತ್ತಿಲ್ಲ. ಟಾರ್ಚ್ ಹಿಡಿದು ನೋಡಿದರೆ ನಡುವಿನ ಉರುಳೆಯ ಮೇಲೆ ಬೆಲ್ಟ್ ಹಾಸಿಗೆ ಸುತ್ತಿದ ಹಾಗೆ ದಪ್ಪಗೆ ಸುತ್ತಿಕೊಂಡು ಚೌಕಟ್ಟಿಗೆ ಕಚ್ಚಿದೆ. ಸುತ್ತಿಗೆಯಿಂದ ಬಡಿದೆ, ಡ್ರಿಲ್ಲರ್ ಬೈದ, ಕೊನೆಗೆ ರೈತರ ಮಚ್ಚಿನಿಂದ ಕೊಯ್ದೆವು. ಬಿಗಿಯಲ್ಲಿದ್ದ ಬೆಲ್ಟ್ ಚಾಟಿ ಹಾಗೆ ಹಾರಿತು. ಎದುರಿಗೆ ಯಾರೂ ನಿಂತಿರಲಿಲ್ಲ, ಪುಣ್ಯ.

ತಪ್ಪು ನನ್ನದೇ. ಬೆಲ್ಟನ್ನು ಉರುಳೆಯ ಸೀಳಿಗೆ ತೂರಿಸಿ, ಸಡಿಲವನ್ನೆಲ್ಲ ಮೊದಲು ಕೈಯಿಂದಲೇ ಎಳೆದು ತೆಗೆಯಬೇಕು. ಆಮೇಲೆ ಹಿಡಿ ಆಡಿಸಬೇಕು. ಉರುಳೆ ಎರಡು ಮೂರು ಸುತ್ತು ಸುತ್ತುವಷ್ಟರಲ್ಲಿ ಬಿಗಿ ಬರಬೇಕು. ನಾನು ಸೋಮಾರಿತನದಿಂದ ಸಡಿಲವನ್ನೂ ಹಿಡಿಯಿಂದಲೇ ಸುತ್ತಿದ್ದೆ. ಬೆಲ್ಟ್ ಓರೆಯಾಗಿ ಸುತ್ತಿಕೊಂಡರೂ ಇದೇ ಕಥೆ. ಜೊತೆಗೆ ನಮ್ಮ ಕಡೆಯ ಧೂಳು ಹಲ್ಲುಗಳಿಗೆ ಸೇರುತ್ತದೆ. ಈಗ ವಾರಕ್ಕೊಮ್ಮೆ ಹಲ್ಲು, ಸ್ಪ್ರಿಂಗಿಗೆ ಎರಡು ಹನಿ ಎಣ್ಣೆ. ಬೆಲ್ಟಿಗೆ ಎಣ್ಣೆ ತಾಗಿಸಬಾರದು, ಜಾರುತ್ತದೆ.

ಇನ್ನೊಂದು, ಬೆಲ್ಟಿಗೆ ಹೊಲಿದ ಚೀಟಿ ನೋಡಿ ಮೋಸಹೋಗಬೇಡಿ. ನನ್ನ ಬೆಲ್ಟಿನಲ್ಲಿ 5 ಟನ್ ಅಂತಿದೆ. ಅದು ಬೆಲ್ಟ್ ಕಿತ್ತುಹೋಗುವ ಲೆಕ್ಕ, ಕೆಲಸಕ್ಕೆ ಅದರ ಅರ್ಧ. ಮೇಲಿಂದ ಹಾಯಿಸಿ ಕಟ್ಟಿದಾಗ ಅದೂ ಸಿಗುವುದಿಲ್ಲ. ಪೈಪನ್ನು ಅದುಮುವುದು ನಾವು ಕೈಯಲ್ಲಿ ಕೊಟ್ಟ ಬಿಗಿ ಮಾತ್ರ, ಕೆಲವು ನೂರು ಕಿಲೋ ಅಷ್ಟೇ. ಲೋಡು ತಗ್ಗಾಗಿ ಬೆಲ್ಟ್ ನೆಲಕ್ಕೆ 30 ಡಿಗ್ರಿಯಲ್ಲಿ ಮಲಗಿದರೆ ಅದುಮುವುದು ನೇರ ಇಳಿದಾಗಿನ ಅರ್ಧ. ಹಾಗಾಗಿ ಈಗ ಪೈಪನ್ನು ಮುಂದಿನ ತಡೆಗೋಡೆಗೆ ತಾಗಿಸಿಯೇ ಜೋಡಿಸುತ್ತೇನೆ. ಮೊದಲು ಎರಡು ಬೆಲ್ಟ್ ಇಡೀ ಕಟ್ಟಿಗೆ ಹೊಟ್ಟೆಸುತ್ತು, ನಡುವಿನ ಪೈಪೂ ಹಿಡಿತಕ್ಕೆ ಬರಲಿ ಅಂತ. ಉಳಿದ ನಾಲ್ಕು ಮೇಲಿಂದ. ಅಡಿಯಲ್ಲಿ ಹಳೇ ಟೈರಿನ ರಬ್ಬರ್. ಚೂಪು ಅಂಚಿಗೆ ಬೆಲ್ಟ್ ತಾಗುವ ಕಡೆಯೂ ಅದೇ ತುಂಡು, ಇಲ್ಲದಿದ್ದರೆ ಕೊಯ್ದುಕೊಳ್ಳುತ್ತದೆ.

ನೆಲಮಂಗಲದಲ್ಲಿ ಹೇಗೂ ಟೀಗೆ ನಿಲ್ಲುತ್ತೇನೆ. ಇಳಿದು ಆರೂ ಹಿಡಿಗೆ ಒಂದೊಂದು ಎಳೆತ. ಪ್ರತಿಸಲ ಒಂದೆರಡು ಹಲ್ಲು ಒಳಗೆ ಹೋಗುತ್ತದೆ. ಇಳಿಯುವ ಅಭ್ಯಾಸವೇ ಇಲ್ಲದವರಿಗೆ ಯಾವ ಬೆಲ್ಟೂ ಬೇಡ.

ದುಡ್ಡಿನ ಮಾತು: ನನಗೆ ಒಂದಕ್ಕೆ 900 ರೂಪಾಯಿ ಬಿತ್ತು. ಆರು, ಮಚ್ಚಿಗೆ ಬಲಿಯಾದದ್ದರ ಬದಲಿಗೆ ಇನ್ನೊಂದು. ಹಗ್ಗಕ್ಕಿಂತ ಜಾಸ್ತಿ, ನಿಜ. ಹಗ್ಗವನ್ನೂ ಬಿಸಾಡಿಲ್ಲ, ಟಾರ್ಪಾಲು ಕಟ್ಟಲು ಅದೇ ಬೇಕು.