ದುಡ್ಡು ಯಾರದು, ಹಂಗು ಯಾರದು: ‘ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್’ ಓದುವವರಿಗೆ

ಚಾರ್ಲ್ಸ್ ಡಿಕನ್ಸ್‌ನ ‘ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್’ ಕಾದಂಬರಿಯನ್ನು ಪ್ರೇಮಕಥೆ ಅಂತ ಕೈಗೆತ್ತಿಕೊಂಡರೆ ಅರ್ಧಕ್ಕೇ ಕೆಳಗಿಡುವ ಸಾಧ್ಯತೆ ಹೆಚ್ಚು. ಅದರಲ್ಲಿ ಓದುಗರ ತಪ್ಪಿಲ್ಲ. ಪಿಪ್ ಮತ್ತು ಎಸ್ಟೆಲ್ಲಾ ಪ್ರೇಮವೇ ಪುಸ್ತಕದ ಸೊರಗಿದ ಭಾಗ. ಇದು ದುಡ್ಡಿನ ಕಾದಂಬರಿ. ಯಾರ ಕೈಯಿಂದ ಎಷ್ಟು ಹೊರಟಿತು, ಯಾರ ಕೈ ಸೇರಿತು, ನಡುವೆ ಯಾರ ಹೆಸರನ್ನು ಮುಚ್ಚಿಟ್ಟರು ಎಂದು ಪಕ್ಕದಲ್ಲೊಂದು ಹಾಳೆ ಇಟ್ಟುಕೊಂಡು ಬರೆಯುತ್ತ ಹೋಗಿ. 59 ಅಧ್ಯಾಯಗಳಲ್ಲಿ ಬೇಡವೆನಿಸುವವು ನಾಲ್ಕೈದು ಉಳಿದಾವು. ಅದೃಷ್ಟ, ನಿಯತ್ತು, ಗುಟ್ಟು ಮೂರೂ ಇಲ್ಲಿ ಪೌಂಡು, ಷಿಲಿಂಗುಗಳ ಲೆಕ್ಕದಲ್ಲೇ ಬರುತ್ತವೆ. (ಮುಂದೆ ಕಥೆಯ ಗುಟ್ಟುಗಳೆಲ್ಲ ಬಯಲಾಗಲಿವೆ. ಇನ್ನೂ ಓದದವರು ನೇರವಾಗಿ ಕೊನೆಯ ಪ್ಯಾರಾಕ್ಕೆ ಹೋಗಬಹುದು.)

ಮೊದಲು ಆಗಿನ ಇಂಗ್ಲೆಂಡಿನ ನಾಣ್ಯದ ಲೆಕ್ಕ ತಿಳಿದಿರಲಿ: 12 ಪೆನ್ಸ್‌ಗೆ ಒಂದು ಷಿಲಿಂಗ್, 20 ಷಿಲಿಂಗ್‌ಗೆ ಒಂದು ಪೌಂಡ್, 21 ಷಿಲಿಂಗ್‌ಗೆ ಒಂದು ಗಿನಿ.

ಕೆಂಟ್ ಸೀಮೆಯ ಜೌಗುನೆಲದ ಹಳ್ಳಿಯಲ್ಲಿ ಅಕ್ಕ–ಭಾವನ ಮನೆಯಲ್ಲಿ ಬೆಳೆಯುವ ತಬ್ಬಲಿ ಹುಡುಗ ಪಿಪ್. ಭಾವ ಜೋ ಕಮ್ಮಾರ. ಕ್ರಿಸ್‌ಮಸ್‌ನ ಹಿಂದಿನ ಸಂಜೆ ಸ್ಮಶಾನದಲ್ಲಿ ಹಡಗುಜೈಲಿನಿಂದ ತಪ್ಪಿಸಿಕೊಂಡ ಕೈದಿಯೊಬ್ಬ ಅವನನ್ನು ಹಿಡಿದು ಬೆದರಿಸುತ್ತಾನೆ. ಬೇಡಿ ಉಜ್ಜಲು ಅರ, ಹೊಟ್ಟೆಗೆ ಒಂದಿಷ್ಟು ತಿಂಡಿ ಕದ್ದು ತರಬೇಕು. ಮರುದಿನ ಬೆಳಗ್ಗೆ ಹುಡುಗ ತಂದುಕೊಡುತ್ತಾನೆ. ಅದೇ ದಿನ ಸೈನಿಕರ ಕೈಗೆ ಸಿಕ್ಕಿಬಿದ್ದಾಗ ಕೈದಿ ತಾನಾಗಿಯೇ ಬಾಯಿಬಿಟ್ಟು, ಕಮ್ಮಾರನ ಮನೆಯ ತಿಂಡಿ ಕದ್ದವನು ತಾನೇ ಎನ್ನುತ್ತಾನೆ. ಕೇಳಿಸಿಕೊಂಡ ಜೋ, ಏನೇ ಮಾಡಿರಲಿ, ಪಾಪ ನೀನು ಹಸಿದು ಸಾಯುವುದು ನಮಗೆ ಬೇಕಿರಲಿಲ್ಲ ಎನ್ನುತ್ತಾನೆ. ಮುಂದಿನ 54 ಅಧ್ಯಾಯಗಳ ಬೀಜವೆಲ್ಲ ಈ ಐದನೆಯ ಅಧ್ಯಾಯದಲ್ಲಿದೆ. ಕೈದಿ ಸುಳ್ಳು ಹೇಳಿ ಋಣ ತೀರಿಸಿದ. ಜೋ ಲೆಕ್ಕವನ್ನೇ ಇಡಲಿಲ್ಲ. ಪಿಪ್ ಮಾತ್ರ ಜೋನ ವಿಶ್ವಾಸ ಎಲ್ಲಿ ಹೋದೀತೋ ಎಂಬ ಭಯಕ್ಕೆ ಬಾಯಿ ಮುಚ್ಚಿಕೊಂಡ. ಆ ಭಯವೇ ಮುಂದೆ ದೊಡ್ಡದಾಗಿ ಬೆಳೆಯುತ್ತದೆ.

ಈಗ ಹಾಳೆ ತೆಗೆದುಕೊಳ್ಳಿ. ಹತ್ತನೆಯ ಅಧ್ಯಾಯದಲ್ಲಿ ಹಳ್ಳಿಯ ಹೆಂಡದಂಗಡಿಯಲ್ಲಿ ಅಪರಿಚಿತನೊಬ್ಬ ಪಿಪ್‌ಗೆ ಒಂದು ಷಿಲಿಂಗನ್ನು ಮುದುಡಿದ ಕಾಗದದಲ್ಲಿ ಸುತ್ತಿ ಕೊಡುತ್ತಾನೆ. ಮನೆಗೆ ಬಂದು ಬಿಡಿಸಿದರೆ ಆ ಕಾಗದ ಒಂದೊಂದು ಪೌಂಡಿನ ಎರಡು ನೋಟು. ಅಲ್ಲಿ ಅವನು ಗ್ಲಾಸು ಕಲಕಿದ್ದು ಚಮಚದಿಂದಲ್ಲ, ಜೋನ ಅರದಿಂದ. ಹದಿಮೂರನೆಯದರಲ್ಲಿ ಪಾಳುಬಿದ್ದ ದೊಡ್ಡಮನೆಯ ಒಡತಿ ಮಿಸ್ ಹ್ಯಾವಿಷಮ್ ಪಿಪ್‌ನ ಕಮ್ಮಾರಿಕೆಯ ಕರಾರಿಗೆ 25 ಗಿನಿ ಕೊಟ್ಟು, ಇಲ್ಲಿಗೆ ನಮ್ಮ ವ್ಯವಹಾರ ಮುಗಿಯಿತು ಎಂದುಬಿಡುತ್ತಾಳೆ. ಕರಾರಿನ ನಾಲ್ಕನೆಯ ವರ್ಷ ಲಂಡನ್ನಿನ ವಕೀಲ ಜ್ಯಾಗರ್ಸ್ ಬಂದು ಪಿಪ್‌ಗೆ ದೊಡ್ಡ ಆಸ್ತಿ ಬರಲಿದೆ ಎನ್ನುತ್ತಾನೆ. ಷರತ್ತು ಎರಡೇ. ಪಿಪ್ ಎಂಬ ಹೆಸರು ಬದಲಿಸಕೂಡದು. ಕೊಡುವವರು ಯಾರೆಂದು ಕೇಳಕೂಡದು. ಹೊಸ ಬಟ್ಟೆಗೆ ಅಂತ 20 ಗಿನಿ ಮೇಜಿನ ಮೇಲೆ ಎಣಿಸಿಡುತ್ತಾನೆ. ಹುಡುಗನನ್ನು ಬಿಟ್ಟುಕೊಡುವುದಕ್ಕೆ ಪರಿಹಾರ ಬೇಕೇ ಎಂದಾಗ ಜೋ ಬೇಡ ಎನ್ನುತ್ತಾನೆ. ಆ ಸೊನ್ನೆಯನ್ನೂ ಹಾಳೆಯ ಮೇಲೆ ಬರೆದಿಡಿ.

ದುಡ್ಡು ಮಿಸ್ ಹ್ಯಾವಿಷಮ್‌ಳದು, ಅವಳ ಸಾಕುಮಗಳು ಎಸ್ಟೆಲ್ಲಾಳನ್ನು ತನಗೇ ಮದುವೆ ಮಾಡಿಕೊಡಲು ಈ ಏರ್ಪಾಡು ಎಂದು ಪಿಪ್ ತಾನೇ ತೀರ್ಮಾನಿಸಿಕೊಳ್ಳುತ್ತಾನೆ. ಹಾಗೆಂದು ಅವನಿಗೆ ಯಾರೂ ಹೇಳಿರುವುದಿಲ್ಲ. ಜ್ಯಾಗರ್ಸ್ ಅವಳಿಗೂ ದುಡ್ಡು ಕೊಡುವಾತನಿಗೂ ವಕೀಲ, ಅಷ್ಟೇ. ಮಿಸ್ ಹ್ಯಾವಿಷಮ್ ಹೌದೆನ್ನುವುದೂ ಇಲ್ಲ, ಅಲ್ಲವೆನ್ನುವುದೂ ಇಲ್ಲ. ಆಸ್ತಿಗೆ ಬಾಯಿಬಿಟ್ಟು ಕೂತ ನೆಂಟರ ಹೊಟ್ಟೆ ಉರಿಸಲು ಹುಡುಗನ ಭ್ರಮೆಯನ್ನು ಹಾಗೇ ಬೆಳೆಯಬಿಡುತ್ತಾಳೆ. ಗುಟ್ಟಿನ ಬಗ್ಗೆ ಡಿಕನ್ಸ್ ಹಿಡಿದಿರುವ ಸೂಕ್ಷ್ಮ ಇಲ್ಲಿದೆ. ಸುಳ್ಳು ಹೇಳಬೇಕಾದ್ದೇ ಇಲ್ಲ. ಹೆಸರಿದ್ದ ಜಾಗ ಖಾಲಿ ಬಿಟ್ಟರೆ ಸಾಕು, ಪಡೆದವನೇ ತನಗೆ ಹಿಡಿಸಿದ ಹೆಸರು ತುಂಬಿಕೊಳ್ಳುತ್ತಾನೆ.

34ನೆಯ ಅಧ್ಯಾಯವನ್ನು ಸಾಲ ಇರುವವರೆಲ್ಲ ಓದಬೇಕು. ಲಂಡನ್ನಿನಲ್ಲಿ ಪಿಪ್ ಮತ್ತು ಗೆಳೆಯ ಹರ್ಬರ್ಟ್ ತಿಂಗಳುಗಟ್ಟಲೆ ಸಾಲ ಮಾಡಿ, ಒಂದು ಸಂಜೆ ಒಳ್ಳೆಯ ಊಟ ತರಿಸಿ, ಹೊಸ ಪೆನ್ನು, ಬೇಕಾದಷ್ಟು ಶಾಯಿ, ಕಾಗದ ಇಟ್ಟುಕೊಂಡು ಲೆಕ್ಕಕ್ಕೆ ಕೂರುತ್ತಾರೆ. ಸಾಲ 164 ಪೌಂಡ್ 4 ಷಿಲಿಂಗ್ 2 ಪೆನ್ಸ್ ಎಂದಾದರೆ, ಸ್ವಲ್ಪ ಅಂಚು ಬಿಟ್ಟು 200 ಎಂದು ಬರೆದುಕೋ ಎನ್ನುವುದು ಪಿಪ್‌ನ ಜಾಣತನ. ಆಮೇಲೆ ಆ ಅಂಚಿನ ಧೈರ್ಯದಲ್ಲಿ ಅಷ್ಟಕ್ಕೂ ಹೊಸ ಸಾಲ ಆಗುತ್ತದೆ. ಮತ್ತೊಂದು ಅಂಚು ಬೇಕಾಗುತ್ತದೆ. ಕ್ರೆಡಿಟ್ ಕಾರ್ಡಿನ ಮಿತಿ ಏರಿಸಿದ ಬ್ಯಾಂಕಿನ ಸಂದೇಶ ನೋಡಿ ಖುಷಿಪಡುವವರಿಗೆ ಈ ದೃಶ್ಯ ಬಿಡಿಸಿ ಹೇಳಬೇಕಿಲ್ಲ.

ಇಪ್ಪತ್ತೊಂದು ತುಂಬಿದ ದಿನ ಪಿಪ್ ಕೈಗೆ 500 ಪೌಂಡಿನ ನೋಟು ಬರುತ್ತದೆ. ಕೊಡುವಾತ ಎದುರಿಗೆ ಬರುವ ತನಕ ವರ್ಷಕ್ಕೆ ಅಷ್ಟು. ಅದರಲ್ಲಿ ಅರ್ಧವನ್ನು ಪಿಪ್ ಕ್ಲಾರಿಕರ್ ಎಂಬ ಯುವ ವ್ಯಾಪಾರಿಗೆ ಮುಂಗಡವಾಗಿ ಕೊಟ್ಟು, ಉಳಿದದ್ದನ್ನು ಕಂತಿನಲ್ಲಿ ಕೊಡುವುದಾಗಿ ಒಪ್ಪಿ, ಹರ್ಬರ್ಟ್‌ಗೆ ಅಲ್ಲಿ ಕೆಲಸ, ಮುಂದೆ ಪಾಲು ಗೊತ್ತುಮಾಡುತ್ತಾನೆ. ಹರ್ಬರ್ಟ್‌ಗೆ ಸುಳಿವೂ ಇಲ್ಲ. ತನ್ನ ನಸೀಬು ತೆರೆಯಿತೆಂದೇ ಅವನು ಕುಣಿಯುತ್ತಾನೆ.

ಎರಡು ವರ್ಷ ಕಳೆದು, ಗಾಳಿಮಳೆಯ ರಾತ್ರಿ, ಸ್ಮಶಾನದಲ್ಲಿ ಸಿಕ್ಕಿದ್ದ ಅದೇ ಕೈದಿ ಮ್ಯಾಗ್‌ವಿಚ್ ಮೆಟ್ಟಿಲು ಹತ್ತಿ ಬರುತ್ತಾನೆ. ಆಸ್ಟ್ರೇಲಿಯಾದಲ್ಲಿ ಕುರಿ ಸಾಕಿ ಗಳಿಸಿದ ದುಡ್ಡಿನಿಂದ ಪಿಪ್‌ನನ್ನು ಜಂಟಲ್‌ಮನ್ ಮಾಡಿದವನು ಅವನೇ. ಅದಿನ್ನೂ ಗೊತ್ತಿಲ್ಲದ ಪಿಪ್ ಹಿಂದೆ ಹೆಂಡದಂಗಡಿಯ ಅಪರಿಚಿತನ ಕೈಲಿ ಅವನು ಕಳಿಸಿದ್ದ ಎರಡು ಪೌಂಡಿಗೆ ಬದಲಾಗಿ ಹೊಸ ಎರಡು ನೋಟು ಕೊಡುತ್ತಾನೆ. ಮ್ಯಾಗ್‌ವಿಚ್ ಅವನ್ನು ಉದ್ದಕ್ಕೆ ಮಡಚಿ, ಹೊಸೆದು, ದೀಪಕ್ಕೆ ಹಿಡಿದು, ಬೂದಿಯನ್ನು ತಟ್ಟೆಗೆ ಉದುರಿಸುತ್ತಾನೆ. ಇಡೀ ಪುಸ್ತಕದಲ್ಲಿ ಇದಕ್ಕೆ ಸರಿಗಟ್ಟುವ ಕ್ಷಣವಿಲ್ಲ. ಈ ಸಾಲ ತೀರುವಂಥದ್ದಲ್ಲ ಎಂದು ಒಂದು ಮಾತೂ ಆಡದೆ ಹೇಳಿಬಿಡುತ್ತಾನೆ.

ಈಗ ಹಾಳೆಯ ಮೇಲಿನ ಎರಡು ಸಾಲುಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಮ್ಯಾಗ್‌ವಿಚ್ ಗುಟ್ಟಾಗಿ ಪಿಪ್‌ಗೆ ಕೊಟ್ಟ. ಪಿಪ್ ಗುಟ್ಟಾಗಿ ಹರ್ಬರ್ಟ್‌ಗೆ ಕೊಟ್ಟ. ದುಡ್ಡೂ ಅದೇ, ಮುಚ್ಚಿಟ್ಟ ಕ್ರಮವೂ ಅದೇ. ಒಬ್ಬ ಕೆಟ್ಟ, ಇನ್ನೊಬ್ಬ ಉದ್ಧಾರವಾದ. ಯಾಕೆ? ಪಿಪ್‌ಗೆ ಸಿಕ್ಕಿದ್ದು ವರಮಾನ, ಹರ್ಬರ್ಟ್‌ಗೆ ಸಿಕ್ಕಿದ್ದು ಕೆಲಸ. ಮ್ಯಾಗ್‌ವಿಚ್‌ಗೆ ತನ್ನದೇ ಸ್ವಂತದ ಒಬ್ಬ ಜಂಟಲ್‌ಮನ್ ಬೇಕಿತ್ತು. ತನ್ನನ್ನು ಹೀನವಾಗಿ ಕಂಡ ಜಗತ್ತಿಗೆ ತೋರಿಸಲು ಪಿಪ್ ಅವನ ಬಂಡವಾಳ. ಹರ್ಬರ್ಟ್ ಯಾರಿಗೂ ಏನನ್ನೂ ತೋರಿಸಬೇಕಾಗಿಲ್ಲ. ಈ ಹೋಲಿಕೆಯನ್ನು ಡಿಕನ್ಸ್ ಎಲ್ಲಿಯೂ ಬೆರಳಿಟ್ಟು ತೋರಿಸುವುದಿಲ್ಲ. ಕೈದಿಯ ದುಡ್ಡು ಇನ್ನು ಮುಟ್ಟೆನೆಂದು ನಿರ್ಧರಿಸಿದ ಪಿಪ್‌ಗೆ ಹರ್ಬರ್ಟ್‌ನ ಕಂತು ಕಟ್ಟಲು ದಾರಿಯಿಲ್ಲ. ಆಗ ಮಿಸ್ ಹ್ಯಾವಿಷಮ್ ಬಳಿ ಹೋಗಿ 900 ಪೌಂಡ್ ಕೇಳುತ್ತಾನೆ. ನಿನಗಾಗಿ ಏನೂ ಬೇಡವೇ ಎಂದರೆ ಬೇಡ ಎನ್ನುತ್ತಾನೆ. ಪಿಪ್ ಬದಲಾದ ಜಾಗ ಯಾವುದೆಂದು ಕೇಳಿದರೆ ಪಶ್ಚಾತ್ತಾಪದ ದೀರ್ಘ ಮಾತುಗಳನ್ನು ತೋರಿಸಬೇಕಿಲ್ಲ, ಈ 900 ಪೌಂಡಿನ ಚೀಟಿ ತೋರಿಸಿದರೆ ಸಾಕು.

ಜೋನ ಲೆಕ್ಕ ಚಿಕ್ಕದು. ಪಿಪ್ ಜ್ವರದಲ್ಲಿ ಮೈಮರೆತು ಬಿದ್ದಾಗ, ಅದೇ ಹೊತ್ತಿಗೆ ಸಾಲಕ್ಕಾಗಿ ಬಂಧಿಸಲು ಬಂದವರೂ ಬಾಗಿಲಲ್ಲಿದ್ದಾಗ, ಹಳ್ಳಿಯಿಂದ ಬಂದು ಶುಶ್ರೂಷೆ ಮಾಡುವವನು ಜೋ. ಪಿಪ್ ಚೇತರಿಸಿಕೊಂಡ ಮೇಲೆ ಒಂದು ಬೆಳಗ್ಗೆ ಜೋ ಹೇಳದೆ ಹೊರಟುಹೋಗುತ್ತಾನೆ. ಬಿಟ್ಟುಹೋದ ಚೀಟಿಯೊಳಗೆ ರಸೀದಿ: ಒಡವೆ ಅಂಗಡಿಯ ಸಾಲ 123 ಪೌಂಡ್ 15 ಷಿಲಿಂಗ್ 6 ಪೆನ್ಸ್, ಖರ್ಚೂ ಸೇರಿ ಚುಕ್ತಾ.

ನಿಯತ್ತಿನ ವಿಚಾರದಲ್ಲಿ ವಕೀಲರ ಗುಮಾಸ್ತ ವೆಮ್ಮಿಕ್‌ನ ಹೆಸರು ಜೋನ ಪಕ್ಕದಲ್ಲೇ ಬರಬೇಕು. ಕಚೇರಿಯಲ್ಲಿ ಮರದ ಮುಖ. ವಾಲ್‌ವರ್ತ್‌ನ ಪುಟ್ಟ ಮನೆಯಲ್ಲಿ ಕಿವುಡ ತಂದೆಯ ಮುದ್ದಿನ ಮಗ. ಮನೆಗೆ ನಾಲ್ಕು ಅಡಿ ಅಗಲ, ಎರಡು ಅಡಿ ಆಳದ ಕಂದಕ, ಮೇಲೆ ಎಳೆದುಕೊಳ್ಳುವ ಹಲಗೆಯ ಸೇತುವೆ, ರಾತ್ರಿ ಒಂಬತ್ತಕ್ಕೆ ಹಾರಿಸುವ ತುಪಾಕಿ. ಒಂದೇ ಪ್ರಶ್ನೆಗೆ ಕಚೇರಿಯಲ್ಲಿ ಒಂದು ಉತ್ತರ, ಮನೆಯಲ್ಲಿ ಇನ್ನೊಂದು. ನಗು ಬರುತ್ತದೆ ನಿಜ. ಆದರೆ ಈ ಎರಡು ಮುಖವೇ ಅವನನ್ನು ಒಳ್ಳೆಯವನಾಗಿ ಉಳಿಸಿರುವುದು. ಮನೆಯ ವೆಮ್ಮಿಕ್ ಕೊಡುವ ಸಲಹೆಯಿಲ್ಲದೆ ಮ್ಯಾಗ್‌ವಿಚ್‌ನನ್ನು ಅಡಗಿಸಿಡಲು ಪಿಪ್‌ನಿಂದ ಆಗುತ್ತಿರಲಿಲ್ಲ.

ಅಡಗಿಸಿಡುವ, ದಾಟಿಸುವ ಯೋಜನೆಯೇ ಮೂರನೆಯ ಭಾಗದ ಬೆನ್ನೆಲುಬು, ಮತ್ತು ಅದರ ಕಟ್ಟಡ ಭದ್ರವಾಗಿದೆ. ಜೀವಾವಧಿ ಗಡೀಪಾರಾದವನು ಮರಳಿದರೆ ಗಲ್ಲು. ಊರೆಲ್ಲ ಹುಡುಕುತ್ತಿರುವಾಗ ಊರು ಬಿಡಬೇಡಿ, ದೊಡ್ಡ ನಗರದಂಥ ಅಡಗುತಾಣ ಬೇರೆಯಿಲ್ಲ ಎಂಬುದು ವೆಮ್ಮಿಕ್‌ನ ಸೂತ್ರ. ಮ್ಯಾಗ್‌ವಿಚ್‌ನನ್ನು ‘ಕ್ಯಾಂಪ್‌ಬೆಲ್’ ಎಂಬ ಹೆಸರಲ್ಲಿ ನದಿದಂಡೆಯ ಮನೆಯೊಂದರಲ್ಲಿ ಇರಿಸುತ್ತಾರೆ. ಪಿಪ್ ಒಂದು ದೋಣಿ ಹೊಂದಿಸಿಕೊಂಡು ಆಗಾಗ ಹುಟ್ಟು ಹಾಕಲು ಶುರುಮಾಡುತ್ತಾನೆ. ಒಂದೆರಡು ಸಲ ಹೋದರೆ ಜನ ನೋಡುತ್ತಾರೆ, ಐವತ್ತನೆಯ ಸಲಕ್ಕೆ ಯಾರೂ ತಿರುಗಿ ನೋಡುವುದಿಲ್ಲ. ಎಲ್ಲ ಕ್ಷೇಮವಾಗಿದ್ದರೆ ಪೂರ್ವದ ಕಿಟಕಿಯ ಪರದೆ ಇಳಿಯಬೇಕು. ಹೊರಡುವ ದಿನ ಇಳಿತದ ನೀರಿನೊಂದಿಗೆ ನದಿಯಲ್ಲಿ ಕೆಳಕ್ಕೆ ಸಾಗಿ, ರಾತ್ರಿ ದಂಡೆಯಲ್ಲಿ ತಂಗಿ, ಮರುದಿನ ಹ್ಯಾಂಬರ್ಗ್ ಅಥವಾ ರಾಟರ್‌ಡ್ಯಾಮ್‌ಗೆ ಹೋಗುವ ಸ್ಟೀಮರನ್ನು ನಡುನೀರಿನಲ್ಲಿ ಹತ್ತಬೇಕು. ಬೆಂಕಿಯಲ್ಲಿ ಕೈ ಸುಟ್ಟುಕೊಂಡ ಪಿಪ್ ಹುಟ್ಟು ಹಾಕಲಾರ, ಚುಕ್ಕಾಣಿ ಹಿಡಿಯುತ್ತಾನೆ. ಅವನ ಬದಲು ಗೆಳೆಯ ಸ್ಟಾರ್ಟಾಪ್ ಸೇರಿಕೊಳ್ಳುತ್ತಾನೆ.

ಕೆಟ್ಟದ್ದು ಎಲ್ಲಿ? ಮ್ಯಾಗ್‌ವಿಚ್‌ನ ಹಳೆಯ ವೈರಿ ಕಾಂಪೆಸನ್ ಊರಲ್ಲಿಲ್ಲವೆಂದು ವೆಮ್ಮಿಕ್ ಕೇಳಿದ್ದ; ಅದನ್ನು ನಂಬಿಯೇ ಬುಧವಾರ ಗೊತ್ತುಮಾಡಿದ್ದ. ತನ್ನ ಕೈಕೆಳಗಿನವರಿಗೂ ಸುಳ್ಳೇ ಹೇಳುವುದು ಕಾಂಪೆಸನ್‌ನ ಪದ್ಧತಿ ಎಂದು ಆಮೇಲೆ ಹೊಳೆಯುತ್ತದೆ. ಗುಟ್ಟು ಕಾಯುವುದರಲ್ಲಿ ಪಳಗಿದವನನ್ನು ಸೋಲಿಸಿದ್ದು ಇನ್ನೂ ಚೆನ್ನಾಗಿ ಗುಟ್ಟು ಕಾದವನು. ಮ್ಯಾಗ್‌ವಿಚ್ ಸಿಕ್ಕಿಬೀಳುತ್ತಾನೆ. ಶಿಕ್ಷೆಯಾದರೆ ಅಪರಾಧಿಯ ಆಸ್ತಿ ಸರ್ಕಾರಕ್ಕೆ. ಪಿಪ್‌ಗೆ ರಕ್ತಸಂಬಂಧವಿಲ್ಲ, ಬರೆದುಕೊಟ್ಟ ಪತ್ರವೂ ಇಲ್ಲ. ಕೈಗೆ ಸಿಗುವಂಥ ಚರಾಸ್ತಿ ಹೀಗೆ ಹೋಯಿತಲ್ಲ ಎಂದು ವೆಮ್ಮಿಕ್ ಕೊರಗುತ್ತಾನೆ. ಪಿಪ್ ಮಾತ್ರ ಆ ಸುದ್ದಿಯನ್ನು ಸಾಯುತ್ತಿರುವವನಿಗೆ ಹೇಳುವುದೇ ಇಲ್ಲ. ಇಲ್ಲಿ ಮುಚ್ಚಿಟ್ಟದ್ದರಿಂದ ಪಿಪ್‌ಗೆ ಬಿಡಿಗಾಸಿನ ಲಾಭವಿಲ್ಲ.

ದೋಷಗಳಿವೆ. ಎಸ್ಟೆಲ್ಲಾ ಮ್ಯಾಗ್‌ವಿಚ್‌ನ ಮಗಳೇ ಆಗಿರುವುದು ಅತಿಯಾಯಿತು. ಮ್ಯಾಗ್‌ವಿಚ್, ಮಿಸ್ ಹ್ಯಾವಿಷಮ್ ಇಬ್ಬರಿಗೂ ಜ್ಯಾಗರ್ಸ್ ವಕೀಲ ಎಂಬ ಕಾಕತಾಳೀಯ ಕಥೆಗೆ ಬೇಕು, ಇದು ಬೇಕಿರಲಿಲ್ಲ. ಸುಣ್ಣದ ಗೂಡಿನ ಪಕ್ಕದ ತೂಬುಮನೆಯಲ್ಲಿ ಪಿಪ್‌ನನ್ನು ಕಟ್ಟಿಹಾಕಿ ಜೋನ ಹಳೆಯ ಆಳು ಆರ್ಲಿಕ್ ತನ್ನ ಪಾಪಗಳನ್ನೆಲ್ಲ ಸಾವಕಾಶವಾಗಿ ವಿವರಿಸುವ ಅಧ್ಯಾಯ ಅಗ್ಗದ ನಾಟಕ. ಪಿಪ್‌ನ ಹಳ್ಳಿಯ ಗೆಳತಿ ಬಿಡ್ಡಿಗೆ ಬುದ್ಧಿ ಕೊಟ್ಟ ಲೇಖಕ ಬದುಕು ಕೊಡುವಾಗ ಜಿಪುಣನಾದ. ಹಳ್ಳಿಯಿಂದ ಬಂದು ನಟನಾದ ವಾಪ್ಸಲ್‌ನ ನಾಟಕದ ಪುಟಗಳನ್ನು ತಿರುವಿಹಾಕಬಹುದು, ಆದರೆ 47ನೆಯ ಅಧ್ಯಾಯದಲ್ಲಿ ವೇದಿಕೆಯಿಂದ ಅವನು ಪಿಪ್‌ನ ಹಿಂದೆ ಕೂತಿದ್ದವನನ್ನು ಗುರುತಿಸುವ ಭಾಗ ಬಿಡಬೇಡಿ. ಮುಕ್ತಾಯದ ಜಗಳ ಹಳೆಯದು. ಮೊದಲು ಬರೆದದ್ದರಲ್ಲಿ ಮರುಮದುವೆಯಾದ ಎಸ್ಟೆಲ್ಲಾ ಲಂಡನ್ ಬೀದಿಯಲ್ಲಿ ಎದುರಾಗಿ ಹೊರಟುಹೋಗುತ್ತಾಳೆ. ಗೆಳೆಯ, ಕಾದಂಬರಿಕಾರ ಬುಲ್ವರ್ ಲಿಟ್ಟನ್ ಹೇಳಿದ್ದಕ್ಕೆ ಡಿಕನ್ಸ್ ಅದನ್ನು ಬದಲಿಸಿ, ಇಬ್ಬರೂ ಕೈಹಿಡಿದು ಪಾಳುಮನೆಯಿಂದ ಹೊರಬರುವಂತೆ ಮಾಡಿದ. ದುಡ್ಡಿನ ಲೆಕ್ಕಕ್ಕೆ ಹೊಂದುವುದು ಮೊದಲನೆಯದು: ಪಿಪ್ ದುಡಿದದ್ದಕ್ಕೆ ಹೆಚ್ಚಾಗಿ ಏನೂ ಸಿಗುವುದಿಲ್ಲ.

ಕೊಳ್ಳುವವರಿಗೆ. ಇದು ಡಿಕನ್ಸ್‌ನ ವಾರಪತ್ರಿಕೆ ‘ಆಲ್ ದ ಇಯರ್ ರೌಂಡ್’ನಲ್ಲಿ 1860ರ ಡಿಸೆಂಬರ್ 1ರಿಂದ 1861ರ ಆಗಸ್ಟ್ 3ರವರೆಗೆ 36 ಕಂತುಗಳಲ್ಲಿ ಬಂದದ್ದು, ಹಾಗಾಗಿ ಒಂದು ಕೂರಿಕೆಗೆ ಎರಡು ಅಧ್ಯಾಯ ಹಿತವಾದ ಅಳತೆ. ಕಥೆ 19 ಮತ್ತು 39ನೆಯ ಅಧ್ಯಾಯಗಳ ಕೊನೆಗೆ ಭಾಗವಾಗುತ್ತದೆ. ನಡುವಿನ ಭಾಗದಲ್ಲಿ, 25ರಿಂದ 35ರ ಆಸುಪಾಸು, ಓಟ ನಿಧಾನ. ಅಲ್ಲಿ ಬಿಟ್ಟರೆ ನಷ್ಟ. ಮೂಲಪಠ್ಯ ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಲ್ಲಿ ಉಚಿತ. ಮುದ್ರಿತ ಪ್ರತಿ ಬೇಕಿದ್ದರೆ ಅನುಬಂಧದಲ್ಲಿ ಮೊದಲ ಮುಕ್ತಾಯ ಇರುವುದನ್ನೇ ಆರಿಸಿ. ಮಕ್ಕಳಿಗಾಗಿ ಸಂಕ್ಷೇಪಿಸಿದ ಪುಸ್ತಕವಾದರೆ ಕೊಳ್ಳುವ ಮುನ್ನ ಹರ್ಬರ್ಟ್‌ನ ಪಾಲುದಾರಿಕೆಯ ಪ್ರಸಂಗ ಉಳಿದಿದೆಯೇ ನೋಡಿ. ಅದಿಲ್ಲದಿದ್ದರೆ ಅಂಗಡಿಯಲ್ಲೇ ಬಿಟ್ಟುಬನ್ನಿ. ಜೋ, ಮ್ಯಾಗ್‌ವಿಚ್ ಆಡುವ ಹಳ್ಳಿ ಇಂಗ್ಲಿಷಿನ ಕಾಗುಣಿತ ಕಣ್ಣಿಗೆ ತೊಡಕು, ಕಿವಿಗೆ ಸಲೀಸು. ಲಿಬ್ರಿವಾಕ್ಸ್‌ನಲ್ಲಿ ಉಚಿತ ಆಡಿಯೋ ಇದೆ. ಜೋ ಮಾತಾಡುವ 7ನೆಯ ಅಧ್ಯಾಯವನ್ನು ಒಮ್ಮೆ ಅಲ್ಲಿ ಕೇಳಿಸಿಕೊಂಡು ಆಮೇಲೆ ಪುಸ್ತಕ ಹಿಡಿದರೆ ಮುಂದಿನದು ತಾನಾಗಿ ಬಿಡಿಸಿಕೊಳ್ಳುತ್ತದೆ.